ಸಿಸಿ ಲಿಮಿಟ್ ಬೇರೆ ಬ್ಯಾಂಕಿಗೆ ಒಯ್ಯಬೇಕು ಅಂತೀರಾ? ಮೊದಲು ಹಳೆ ಸ್ಯಾಂಕ್ಷನ್ ಪತ್ರ ತೆಗೆದು ಓದಿ

ಪ್ರಶ್ನೆ: ಹುಬ್ಬಳ್ಳಿ ತಾರಿಹಾಳದಲ್ಲಿ ನಮ್ಮದೊಂದು ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿ ಇದೆ. ವಾಲ್ವ್‌ಗಳ ಬಿಡಿಭಾಗ ಮಾಡುತ್ತೇವೆ, ರೈಲ್ವೆಗೂ ಸ್ವಲ್ಪ ಮಾಲು ಹೋಗುತ್ತದೆ. 34 ಜನ ಕೆಲಸಗಾರರು. ತಂದೆಯವರ ಕಾಲದಿಂದ ಒಂದೇ ಬ್ಯಾಂಕು. 1 ಕೋಟಿ 20 ಲಕ್ಷದ ಸಿಸಿ (ಕ್ಯಾಶ್ ಕ್ರೆಡಿಟ್, ಬೇಕಾದಾಗ ತೆಗೆದು ಬಂದಾಗ ಕಟ್ಟುವ ಸಾಲ) ಇದೆ, ಸರಾಸರಿ 85 ಲಕ್ಷ ಬಳಸುತ್ತೇವೆ. 2022ರ ಟರ್ಮ್ ಲೋನ್ 22 ಲಕ್ಷ ಬಾಕಿ, ಇನ್ನೂ 30 ಕಂತು ಇದೆ. ನಾವು ಮಾತಿಗೆ ತಪ್ಪಿದರೆ ಬ್ಯಾಂಕು ದುಡ್ಡು ಕೊಡುತ್ತದೆ ಅಂತ ರೈಲ್ವೆಗೆ ಕೊಟ್ಟ 9 ಲಕ್ಷದ ಬ್ಯಾಂಕ್ ಗ್ಯಾರಂಟಿಯೂ ಇದೆ. ಕಳೆದ ಸೆಪ್ಟೆಂಬರ್‌ಗೆ ಆಗಬೇಕಿದ್ದ ರಿನ್ಯೂವಲ್ 2026ರ ಫೆಬ್ರವರಿಗೆ ಆಯಿತು. ಲಿಮಿಟ್ ಹೆಚ್ಚಿಸಿ ಅಂದರೆ ಮುಂದಿನ ವರ್ಷ ನೋಡೋಣ ಅನ್ನುತ್ತಾರೆ. ಇನ್ನೊಂದು ಬ್ಯಾಂಕಿನವರು 0.9% ಕಡಿಮೆ ಬಡ್ಡಿಗೆ, 1 ಕೋಟಿ 60 ಲಕ್ಷದ ಲಿಮಿಟ್ ಕೊಡುತ್ತೇವೆ, ಪ್ರೊಸೆಸಿಂಗ್ ಫೀ 0.35% ಅನ್ನುತ್ತಿದ್ದಾರೆ. ಪಗಾರ, ಜಿಎಸ್‌ಟಿ ಯಾವುದೂ ನಿಲ್ಲದ ಹಾಗೆ ಹೇಗೆ ಬದಲಿಸುವುದು? ಹಳೆ ಬ್ಯಾಂಕಿನವರಿಗೆ ಹೇಗೆ ಹೇಳುವುದು?

ಉತ್ತರ: ನಮ್ಮ ಕಡೆಯ ಜನ ಬ್ಯಾಂಕ್ ಬದಲಿಸದೇ ಬ್ಯಾಂಕ್ ಬದಲಾದದ್ದನ್ನು ನೋಡಿದವರು. 2019ರ ಏಪ್ರಿಲ್‌ನಲ್ಲಿ ವಿಜಯಾ ಬ್ಯಾಂಕ್ ಹೋಗಿ ಬ್ಯಾಂಕ್ ಆಫ್ ಬರೋಡಾ ಆಯಿತು. ಮರುವರ್ಷ ಸಿಂಡಿಕೇಟ್ ಹೋಗಿ ಕೆನರಾ, ಕಾರ್ಪೊರೇಷನ್ ಹೋಗಿ ಯೂನಿಯನ್. ಧಾರವಾಡದಲ್ಲೇ ಮುಖ್ಯ ಕಚೇರಿ ಇದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಕೂಡ 2025ರ ಮೇ 1ರಿಂದ ಬಳ್ಳಾರಿಯ ಕರ್ನಾಟಕ ಗ್ರಾಮೀಣ ಬ್ಯಾಂಕಿನೊಳಗೆ ಸೇರಿತು. ಹಾಗಾಗಿ ಬ್ಯಾಂಕ್ ಬದಲಾಯಿತು ಅಂದರೆ ಹೊಸ ಚೆಕ್ ಬುಕ್, ಹೊಸ ಐಎಫ್ಎಸ್‌ಸಿ, ಅಷ್ಟೇ ಅಲ್ವಾ ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲಿ ಸಾಲ, ಒತ್ತೆ, ಕಾಗದಪತ್ರ ಎಲ್ಲವನ್ನೂ ಬ್ಯಾಂಕೇ ಹೊತ್ತುಕೊಂಡು ಹೋಯಿತು. ಇಲ್ಲಿ ಹೊರಬೇಕಾದವರು ನೀವು.

ನಾನೂ ಹದಿನೆಂಟು ವರ್ಷ ಬ್ಯಾಂಕಿನಲ್ಲಿ ಸಾಲದ ಕಡತ ನೋಡಿದವನು, ಈಗ ಕಂಪನಿಗಳ ಪರವಾಗಿ ಅದೇ ಕಡತ ಹಿಡಿದು ಬ್ಯಾಂಕಿಗೆ ಅಲೆಯುತ್ತೇನೆ. ಹೊಸ ಖಾತೆ ತೆರೆಯುವಾಗ ಯಾರೂ ಸಿಕ್ಕಿಬಿದ್ದದ್ದು ನೋಡಿಲ್ಲ. ಸಿಕ್ಕಿಬೀಳುವುದೆಲ್ಲ ಹಳೆಯದನ್ನು ಬಿಡಿಸಿಕೊಳ್ಳುವಾಗ.

ಮೊದಲು ಲೆಕ್ಕ ಮಾಡೋಣ. ಸಿಸಿಯಲ್ಲಿ 85 ಲಕ್ಷಕ್ಕೆ 0.9% ಅಂದರೆ ವರ್ಷಕ್ಕೆ 76,500 ರೂಪಾಯಿ ಉಳಿತಾಯ. ಟರ್ಮ್ ಲೋನ್ ತಿಂಗಳು ತಿಂಗಳು ಕರಗುತ್ತದೆ, ಮೊದಲ ವರ್ಷದ ಸರಾಸರಿ ಬಾಕಿ ಹದಿನೇಳೂವರೆ ಲಕ್ಷ ಹಿಡಿದರೆ ಅಲ್ಲಿ ಉಳಿಯುವುದು ಸುಮಾರು 16 ಸಾವಿರ. ಒಟ್ಟು 92 ಸಾವಿರದ ಆಸುಪಾಸು. ಇನ್ನು ಖರ್ಚು. 1 ಕೋಟಿ 60 ಲಕ್ಷ ಮತ್ತು 22 ಲಕ್ಷ ಸೇರಿಸಿ 0.35% ಅಂದರೆ 63,700 ಪ್ರೊಸೆಸಿಂಗ್ ಫೀ. ಅದರ ಮೇಲಿನ ಜಿಎಸ್‌ಟಿ ನಿಮಗೆ ಕ್ರೆಡಿಟ್ ಸಿಗುತ್ತದೆ, ಅದನ್ನು ಬಿಡಿ. ಹಳೆ ಟರ್ಮ್ ಲೋನಿಗೆ ಅವಧಿಗೆ ಮುಂಚೆ ತೀರಿಸಿದರೆ 2% ದಂಡ ಅಂತ ಕರಾರಿನಲ್ಲಿದ್ದರೆ ಇನ್ನು 44,000. ಇಲ್ಲಿಗೇ 1,07,700 ಆಯಿತು. ವಕೀಲರ ಅಭಿಪ್ರಾಯ, ಆಸ್ತಿ ಮೌಲ್ಯಮಾಪನ, ಅಡಮಾನದ ಸ್ಟಾಂಪು, ನಿಮ್ಮ ಸಿಎ ಫೀ ಇನ್ನೂ ಬಂದೇ ಇಲ್ಲ. ಅಂದರೆ ಬರೀ ಬಡ್ಡಿಗಾಗಿ ಹೋಗುವುದಾದರೆ ಮೊದಲ ವರ್ಷ ನಿಮ್ಮ ಕೈಯಿಂದಲೇ ಹೋಗುತ್ತದೆ.

ಆದರೆ ನಿಮ್ಮ ಕಥೆ ಬಡ್ಡಿಯದಲ್ಲ. ರಿನ್ಯೂವಲ್ ಐದು ತಿಂಗಳು ತಡ ಆಗಿದೆ, ಆರ್ಡರ್ ಇದ್ದರೂ ಲಿಮಿಟ್ ಏರುತ್ತಿಲ್ಲ. ಆ 40 ಲಕ್ಷ ಹೆಚ್ಚಿನ ಲಿಮಿಟ್ಟಿನಿಂದ ನೀವು ವರ್ಷದಲ್ಲಿ ಎಷ್ಟು ಮಾಲು ಹೆಚ್ಚು ಮಾಡಬಲ್ಲಿರಿ, ಕಚ್ಚಾ ಮಾಲಿಗೆ ನಗದು ಕೊಟ್ಟರೆ ಎಷ್ಟು ರಿಯಾಯಿತಿ ಸಿಗುತ್ತದೆ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಅದು 92 ಸಾವಿರಕ್ಕಿಂತ ಬಹಳ ದೊಡ್ಡ ಮೊತ್ತ ಆದರೆ ಹೋಗಿ. ಇಲ್ಲದಿದ್ದರೆ ಸುಮ್ನೆ ಕಿರಿಕಿರಿ.

ಇನ್ನೊಂದು ಕೆಲಸ ಇವತ್ತೇ ಮಾಡಿ. ನಿಮ್ಮ ಸಾಲದ ಬಡ್ಡಿ ಯಾವುದಕ್ಕೆ ಕಟ್ಟಿದ್ದಾರೆ ಅಂತ ನೋಡಿ. ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳ ಹೊಸ ಫ್ಲೋಟಿಂಗ್ (ಬಡ್ಡಿ ಏರಿಳಿಯುವ) ಸಾಲಗಳನ್ನು 2019ರ ಅಕ್ಟೋಬರ್ 1ರಿಂದ ರೆಪೋ ದರದಂಥ (ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ದರ) ಹೊರಗಿನ ಮಾನದಂಡಕ್ಕೇ ಕಟ್ಟಬೇಕು ಅಂತ ರಿಸರ್ವ್ ಬ್ಯಾಂಕ್ ವಾಣಿಜ್ಯ ಬ್ಯಾಂಕುಗಳಿಗೆ ಹೇಳಿದೆ, ಮೂರು ತಿಂಗಳಿಗೊಮ್ಮೆಯಾದರೂ ದರ ಪರಿಷ್ಕರಿಸಬೇಕು. ಆದರೆ ಅದಕ್ಕಿಂತ ಹಳೆಯ ಸಿಸಿಗಳು ಎಷ್ಟೋ ಕಡೆ ಇನ್ನೂ ಬ್ಯಾಂಕು ತನ್ನ ಖರ್ಚಿನ ಮೇಲೆ ತಾನೇ ಲೆಕ್ಕ ಹಾಕುವ ಎಂಸಿಎಲ್ಆರ್ ಮೇಲೇ ಓಡುತ್ತಿವೆ, ಯಾರೂ ಕೇಳಿಲ್ಲ, ಅವರೂ ಹೇಳಿಲ್ಲ. ನಿಮ್ಮದೂ ಹಾಗಿದ್ದರೆ ರೆಪೋಗೆ ಬದಲಿಸಿಕೊಡಿ ಅಂತ ಒಂದು ಪತ್ರ ಹಾಕಿದರೆ ಅರ್ಧ ಪರ್ಸೆಂಟ್ ಅಲ್ಲೇ ಇಳಿಯಬಹುದು. ಹೊಸ ಬ್ಯಾಂಕಿನ 0.9% ಲೆಕ್ಕ ಅದಾದ ಮೇಲೆ ಎಷ್ಟು ಉಳಿಯುತ್ತದೆ ನೋಡಿ. ಹೊಸಬರನ್ನೂ ಕೇಳಿ, ರೆಪೋ ಮೇಲೆ ನೀವು ಸೇರಿಸುವ ಸ್ಪ್ರೆಡ್ ಎಷ್ಟು, ಯಾವಾಗ ಬದಲಾಗುತ್ತದೆ ಅಂತ. "ಇವತ್ತಿನ ಬಡ್ಡಿ" ಅಂತ ಮಾತ್ರ ಹೇಳುವವರನ್ನು ಸ್ವಲ್ಪ ದೂರ ಇಡಿ.

ದಂಡದ ವಿಷಯದಲ್ಲಿ ನಿಮಗೊಂದು ತಮಾಷೆಯ ಅದೃಷ್ಟ ಇದೆ. ರಿಸರ್ವ್ ಬ್ಯಾಂಕ್ 2025ರ ಜುಲೈನಲ್ಲಿ ಹೊಸ ನಿಯಮ ತಂದಿತು. 2026ರ ಜನವರಿ 1ರಿಂದ ಮಂಜೂರಾದ ಅಥವಾ ರಿನ್ಯೂ ಆದ ಫ್ಲೋಟಿಂಗ್ ಬಡ್ಡಿಯ ವ್ಯಾಪಾರ ಸಾಲವನ್ನು ಮುಂಚೆಯೇ ತೀರಿಸಿದರೆ, ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಂದ ವಾಣಿಜ್ಯ ಬ್ಯಾಂಕುಗಳು ದಂಡ ತೆಗೆದುಕೊಳ್ಳುವಂತಿಲ್ಲ. ಬೇರೆ ಬ್ಯಾಂಕಿನ ದುಡ್ಡಿನಿಂದ ತೀರಿಸಿದರೂ ಅಷ್ಟೇ. (ಸ್ಮಾಲ್ ಫೈನಾನ್ಸ್, ಗ್ರಾಮೀಣ, ಸಹಕಾರಿ ಬ್ಯಾಂಕುಗಳಿಗೆ ಬೇರೆ ಮಿತಿಗಳಿವೆ.) ನಿಮ್ಮ ಸಿಸಿ ಸೆಪ್ಟೆಂಬರ್‌ನಲ್ಲೇ ಸರಿಯಾಗಿ ರಿನ್ಯೂ ಆಗಿದ್ದರೆ ಈ ನಿಯಮ ಸಿಗುತ್ತಿರಲಿಲ್ಲ. ಅವರು ತಡ ಮಾಡಿ ಫೆಬ್ರವರಿಗೆ ಮಾಡಿದರು, ಆ ತಡವೇ ನಿಮಗೆ ಅನುಕೂಲ ಆಯಿತು! ಟರ್ಮ್ ಲೋನ್ ಮಾತ್ರ 2022ರದ್ದು, ಅದಕ್ಕೆ ಹಳೆ ಕರಾರೇ ಗತಿ. ಉದ್ಯಮ್ ನೋಂದಣಿಯಲ್ಲಿ ನಿಮ್ಮ ವರ್ಗ ಸರಿಯಾಗಿದೆಯೇ ಅಂತ ಒಮ್ಮೆ ನೋಡಿಕೊಳ್ಳಿ. 2025ರ ಏಪ್ರಿಲ್‌ನಿಂದ ಸಣ್ಣ ಉದ್ದಿಮೆಯ ಮಿತಿ ಹೂಡಿಕೆ 25 ಕೋಟಿ, ವಹಿವಾಟು 100 ಕೋಟಿ ಆಗಿದೆ, ನೀವು ಅದರೊಳಗೆ ಆರಾಮಾಗಿ ಇದ್ದೀರಿ.

ಈಗ ಹಳೆ ಸ್ಯಾಂಕ್ಷನ್ ಪತ್ರ, ಅಂದರೆ ಸಾಲದ ಮಂಜೂರಾತಿ ಪತ್ರ. ಅದರ ಷರತ್ತುಗಳನ್ನು ಯಾರೂ ಓದಿರುವುದಿಲ್ಲ, ಸಹಿ ಹಾಕುವಾಗ ಎಲ್ಲಿ ಸಹಿ ಅಂತ ಮಾತ್ರ ನೋಡಿರುತ್ತಾರೆ. ಅದರಲ್ಲಿ ಮೂರು ವಿಷಯ ಹುಡುಕಿ. ಮುಚ್ಚುವ ಮುಂಚೆ ಎಷ್ಟು ದಿನದ ನೋಟಿಸ್ ಕೊಡಬೇಕು. ದಂಡ ಎಷ್ಟು, ಯಾವುದರ ಮೇಲೆ. ಮತ್ತು "ಎಲ್ಲ ವಹಿವಾಟು ನಮ್ಮ ಮೂಲಕವೇ ಆಗಬೇಕು" ಅನ್ನುವ ಸಾಲು.

ಈ ಮೂರನೆಯದು ಯಾಕೆ ಅಂದರೆ, ಬಹಳ ಜನ ಸಾಲ ವರ್ಗ ಆಗುವ ಮೊದಲೇ ಹೊಸ ಬ್ಯಾಂಕಿನಲ್ಲಿ ಕರೆಂಟ್ ಅಕೌಂಟ್ ತೆರೆದು ಗಿರಾಕಿಗಳ ದುಡ್ಡನ್ನು ಅಲ್ಲಿಗೆ ತಿರುಗಿಸುತ್ತಾರೆ. ಸಿಸಿ ಇದ್ದವರು ಬೇರೆ ಕಡೆ ಕರೆಂಟ್ ಅಕೌಂಟ್ ಇಡುವುದಕ್ಕೆ ರಿಸರ್ವ್ ಬ್ಯಾಂಕ್ 2020ರ ಆಗಸ್ಟ್‌ನಲ್ಲಿ ಕಡಿವಾಣ ಹಾಕಿತ್ತು. ಬ್ಯಾಂಕುಗಳಲ್ಲಿನ ಒಟ್ಟು ಸಾಲ 5 ಕೋಟಿಗಿಂತ ಕಡಿಮೆ ಇದ್ದವರಿಗೆ ಆಮೇಲೆ ಅದು ಸಡಿಲ ಆಯಿತು. ಹಾಗಾಗಿ ನಿಯಮ ನಿಮಗೆ ಅಡ್ಡ ಬರುವುದಿಲ್ಲ. ಆದರೆ ಹಳೆ ಬ್ಯಾಂಕಿನ ಕರಾರು ಅಡ್ಡ ಬರುತ್ತದೆ. ಸಿಸಿಯಲ್ಲಿ ಜಮಾ ಕಡಿಮೆಯಾದ ಕೂಡಲೇ ಅವರ ಕಂಪ್ಯೂಟರ್ ಕೆಂಪು ತೋರಿಸುತ್ತದೆ, ಖಾತೆ ಹದಗೆಡುತ್ತಿದೆ ಅಂತ ಮೇಲಿನವರಿಂದ ಪ್ರಶ್ನೆ ಬರುತ್ತದೆ, ಅದೇ ಹೊತ್ತಿಗೆ ಹೊಸ ಬ್ಯಾಂಕು ನಿಮ್ಮ ಕಳೆದ 12 ತಿಂಗಳ ಸ್ಟೇಟ್‌ಮೆಂಟ್ ನೋಡುತ್ತಾ ಕೂತಿರುತ್ತದೆ, ಅಲ್ಲೂ ಜಮಾ ಬಿದ್ದದ್ದು ಕಾಣುತ್ತದೆ. ಎರಡೂ ಕಡೆ ಹೆಸರು ಕೆಡಿಸಿಕೊಂಡ ಹಾಗೆ. ಖಾತೆ ತೆರೆಯಿರಿ, ಆದರೆ ಸಾಲ ವರ್ಗ ಆಗುವ ದಿನದವರೆಗೆ ಗಿರಾಕಿಗಳ ದುಡ್ಡು ಹಳೆ ಸಿಸಿಗೇ ಬರಲಿ.

ಖಾತೆ ತೆರೆಯಲು ಏನು ಬೇಕು ಅನ್ನುವುದನ್ನು ಹೊಸ ಬ್ಯಾಂಕಿನವರೇ ಪಟ್ಟಿ ಕೊಡುತ್ತಾರೆ, ಉದ್ದ ಹೇಳುವುದಿಲ್ಲ. ಬೋರ್ಡ್ ರೆಸಲ್ಯೂಷನ್ನಿನಲ್ಲಿ ಯಾರು ಸಹಿ ಮಾಡಬೇಕು, ಒಬ್ಬರೇ ಮಾಡಬಹುದೋ ಇಬ್ಬರೂ ಮಾಡಬೇಕೋ, ಸಾಲಕ್ಕೆ ಮತ್ತು ಚೆಕ್ಕಿಗೆ ಬೇರೆ ಬೇರೆಯೋ ಅನ್ನುವುದನ್ನು ಬಿಡಿಸಿ ಬರೆಯಿಸಿ. 10%ಕ್ಕಿಂತ ಜಾಸ್ತಿ ಷೇರು ಇರುವ ಪ್ರತಿಯೊಬ್ಬರ ಕೆವೈಸಿ ಕೇಳುತ್ತಾರೆ. ಷೇರು ಅಮೆರಿಕದಲ್ಲಿರುವ ತಮ್ಮನ ಹೆಸರಿನಲ್ಲಿದೆ ಅಂತ ಕೊನೆಯ ಗಳಿಗೆಯಲ್ಲಿ ನೆನಪಾಗುವ ಮನೆಗಳನ್ನು ನಾನು ಬಹಳ ನೋಡಿದ್ದೇನೆ.

ಇನ್ನು ಕಾಗದಪತ್ರ. ನಿಜವಾದ ಕೆಲಸ ಇಲ್ಲಿದೆ.

ತಾರಿಹಾಳದ ಪ್ಲಾಟು ಕೆಐಎಡಿಬಿಯಿಂದ (ರಾಜ್ಯದ ಕೈಗಾರಿಕಾ ಪ್ರದೇಶ ಅಭಿವೃದ್ಧಿ ಮಂಡಳಿ) ಬಂದದ್ದು. ಸೇಲ್ ಡೀಡ್ ಆಗಿದೆಯೋ, ಇನ್ನೂ ಮೊದಲು ಲೀಸ್, ಆಮೇಲೆ ಮಾರಾಟ ಅನ್ನುವ ಲೀಸ್ ಕಂ ಸೇಲ್‌ನಲ್ಲೇ ಇದೆಯೋ ನೀವು ಬರೆದಿಲ್ಲ. ಲೀಸ್‌ನಲ್ಲಿದ್ದರೆ ಅಡಮಾನ ಇಡಲು ಮಂಡಳಿಯ ಒಪ್ಪಿಗೆ ಬೇಕು, ಮತ್ತು ಆ ಹಳೆ ಒಪ್ಪಿಗೆ ಹಳೆ ಬ್ಯಾಂಕಿನ ಹೆಸರಿಗೆ ಇರುತ್ತದೆ. ಹೊಸ ಬ್ಯಾಂಕಿನ ಹೆಸರಿಗೆ ಹೊಸದು ಬೇಕು. ಹೊಸ ಬ್ಯಾಂಕಿನ ಸ್ಯಾಂಕ್ಷನ್ ಪತ್ರ ಕೈಗೆ ಬಂದ ದಿನವೇ ಧಾರವಾಡದ ವಲಯ ಕಚೇರಿಗೆ ಅರ್ಜಿ ಕೊಟ್ಟುಬಿಡಿ. ಬಾಕಿ ತೆರಿಗೆ, ನೀರಿನ ಬಿಲ್ಲು ಏನಾದರೂ ಇದ್ದರೆ ಆಗ ಹೊರಗೆ ಬರುತ್ತದೆ. ಇಡೀ ವರ್ಗಾವಣೆಯಲ್ಲಿ ಜಾಸ್ತಿ ದಿನ ತಿನ್ನುವುದು ಇದೇ.

ಆಮೇಲೆ ಹಳೆ ಬ್ಯಾಂಕಿನಿಂದ ಎರಡು ಪತ್ರ ತೆಗೆದುಕೊಳ್ಳಿ. ಒಂದು, ಇಂಥ ದಿನಕ್ಕೆ ಇಷ್ಟು ಕಟ್ಟಿದರೆ ಸಾಲ ತೀರುತ್ತದೆ, ಆ ಮೇಲೆ ದಿನಕ್ಕೆ ಇಷ್ಟು ಬಡ್ಡಿ ಸೇರುತ್ತದೆ ಅನ್ನುವ ಪತ್ರ. ಎರಡು, ತಮ್ಮ ಹತ್ತಿರ ಇರುವ ಮೂಲ ದಾಖಲೆಗಳ ಪಟ್ಟಿ, ದುಡ್ಡು ಬಂದ ಮೇಲೆ ಅವನ್ನು ನೇರವಾಗಿ ಹೊಸ ಬ್ಯಾಂಕಿಗೆ ಕೊಡುತ್ತೇವೆ ಅನ್ನುವ ಒಪ್ಪಿಗೆಯ ಜೊತೆಗೆ. ಪಟ್ಟಿಯನ್ನು ಮನೆಯಲ್ಲಿರುವ ಝೆರಾಕ್ಸ್ ಜೊತೆ ಒಂದೊಂದಾಗಿ ತಾಳೆ ನೋಡಿ. ಮೂಲ ದಾಖಲೆ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಅಂತ ವಾಟ್ಸಾಪಿನಲ್ಲಿ ಓಡಾಡುವ ನಿಯಮ ನಿಜವೇ, 2023ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ, ಆದರೆ ಅದು ವ್ಯಕ್ತಿಗಳು ತೆಗೆದುಕೊಂಡ ವೈಯಕ್ತಿಕ ಸಾಲಗಳಿಗೆ. ಕಂಪನಿಯ ಸಿಸಿಗೆ ಅದನ್ನು ಹಿಡಿದು ಜಗಳಕ್ಕೆ ಹೋಗಬೇಡಿ, ಸೋಲುತ್ತೀರಿ.

ದುಡ್ಡು ಹೊಸ ಬ್ಯಾಂಕಿನಿಂದ ನೇರವಾಗಿ ಹಳೆ ಸಾಲದ ಖಾತೆಗೆ ಹೋಗುತ್ತದೆ. ಆರ್‌ಟಿಜಿಎಸ್‌ಗೆ ಕೆಲವೇ ನಿಮಿಷ. ಆ ನಂತರ ಎಲ್ಲರೂ ನಿರಾಳ ಆಗಿ ಮರೆಯುವುದು ರಿಜಿಸ್ಟ್ರಾರ್ ಆಫ್ ಕಂಪನೀಸ್ ಕಡೆಯ ಕೆಲಸವನ್ನು. ನಿಮ್ಮದು ಕಂಪನಿ ಆದ್ದರಿಂದ ಒತ್ತೆ ಅಲ್ಲಿ ದಾಖಲಾಗಿದೆ. ಹೊಸ ಬ್ಯಾಂಕಿನ ಒತ್ತೆಯನ್ನು 30 ದಿನದೊಳಗೆ ಸಿಎಚ್‌ಜಿ-1 ಫಾರಂನಲ್ಲಿ ದಾಖಲಿಸುವುದನ್ನು ಹೊಸ ಬ್ಯಾಂಕು ಮರೆಯುವುದಿಲ್ಲ, ಅವರ ದುಡ್ಡು ಅದು. ಹಳೆ ಒತ್ತೆ ತೀರಿತು ಅನ್ನುವ ಸಿಎಚ್‌ಜಿ-4 ಇದೆಯಲ್ಲ, ಅದಕ್ಕೂ 30 ದಿನವೇ, ಆದರೆ ಅದನ್ನು ನೆನಪಿಸುವವರು ಯಾರೂ ಇಲ್ಲ. ಹಳೆ ಬ್ಯಾಂಕಿನ ಅಧಿಕಾರಿಯ ಡಿಜಿಟಲ್ ಸಹಿ ಬೇಕು, ಅವರ ಡಿಜಿಟಲ್ ಸಹಿಯ ಅವಧಿ ಮುಗಿದಿರುತ್ತದೆ, ಅವರು ರಜೆಯಲ್ಲಿರುತ್ತಾರೆ, ಹೀಗೆ ಹೋಗುತ್ತದೆ. ಹೆಚ್ಚಿನ ಫೀ ಕಟ್ಟಿ 300 ದಿನದವರೆಗೆ ಮಾಡಬಹುದು. ಅದನ್ನೂ ದಾಟಿದರೆ ವಿಳಂಬ ಮನ್ನಾ ಮಾಡಿ ಅಂತ ಪ್ರಾದೇಶಿಕ ನಿರ್ದೇಶಕರಿಗೆ ಅರ್ಜಿ. ಗದಗಿನಲ್ಲಿ ಮುದ್ರಣಾಲಯ ನಡೆಸುವ ನನ್ನ ಗಿರಾಕಿಯೊಬ್ಬರು ಸಾಲ ತೀರಿಸಿ ನಾಲ್ಕು ವರ್ಷ ಆದ ಮೇಲೆ ಹೊಸ ಯಂತ್ರಕ್ಕೆ ಸಾಲ ಕೇಳಲು ಹೋದರು. ದಾಖಲೆಯಲ್ಲಿ ಹಳೆ ಒತ್ತೆ ಹಾಗೇ ಇತ್ತು. ಆ ಬ್ಯಾಂಕು ಅಷ್ಟರಲ್ಲಿ ಇನ್ನೊಂದರೊಳಗೆ ಸೇರಿ, ಶಾಖೆಯೂ ಎತ್ತಂಗಡಿ ಆಗಿ, ಕಡತ ಯಾವ ಊರಿನಲ್ಲಿದೆ ಅಂತ ಹುಡುಕುವುದಕ್ಕೇ ಎರಡು ತಿಂಗಳು ಹಿಡಿಯಿತು. ಯಂತ್ರದ ಮುಂಗಡ ಹೋಯಿತು.

ಇದರ ಜೊತೆಗೇ ಅಡಮಾನಗಳ ಕೇಂದ್ರ ದಾಖಲಾತಿಯಾದ ಸೆರ್ಸಾಯ್‌ನಲ್ಲಿ ಹಳೆ ಅಡಮಾನ ತೆಗೆಸುವುದು, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಅಡಮಾನ ನೋಂದಾಯಿಸಿದ್ದರೆ ಬಿಡುಗಡೆ ಪತ್ರ ಮಾಡಿಸಿ ಹೊಸ ಇಸಿ (ಋಣಭಾರ ಪತ್ರ) ತೆಗೆಯುವುದು, ಬೆಂಕಿ ವಿಮೆಯ ಪಾಲಿಸಿಯಲ್ಲಿ ಬ್ಯಾಂಕಿನ ಹೆಸರು ಬದಲಿಸುವುದು. ಮತ್ತು ದಯವಿಟ್ಟು ಮರೆಯಬೇಡಿ, ನಿಮ್ಮ ತಂದೆ, ನೀವು, ಮನೆಯವರು ಯಾರ್ಯಾರು ವೈಯಕ್ತಿಕ ಜಾಮೀನು ಹಾಕಿದ್ದೀರೋ ಅವರೆಲ್ಲರ ಹೆಸರು ಬರೆದು "ಜಾಮೀನಿನಿಂದ ಬಿಡುಗಡೆ" ಅನ್ನುವ ಪತ್ರ ತೆಗೆದುಕೊಳ್ಳಿ. ನೋ ಡ್ಯೂ ಪತ್ರದಲ್ಲಿ ಕಂಪನಿಯ ಹೆಸರು ಮಾತ್ರ ಇರುತ್ತದೆ.

ಬ್ಯಾಂಕ್ ಗ್ಯಾರಂಟಿ 9 ಲಕ್ಷ ಅಂದಿರಿ. ಅದು ಬೇರೆಯದೇ ತಲೆನೋವು. ಮೂಲ ಗ್ಯಾರಂಟಿ ಪತ್ರ ರೈಲ್ವೆಯವರ ಕಪಾಟಿನಲ್ಲಿದೆ. ಅದು ವಾಪಸು ಬರುವವರೆಗೆ ಹಳೆ ಬ್ಯಾಂಕು ನಿಮ್ಮ ಒತ್ತೆಯನ್ನು ಪೂರ್ತಿ ಬಿಡುವುದಿಲ್ಲ. ಹೊಸ ಬ್ಯಾಂಕಿನಿಂದ ಹೊಸ ಗ್ಯಾರಂಟಿ ಮಾಡಿಸಿ, ಅದನ್ನು ಅವರು ಪರಿಶೀಲಿಸಿ, ಹಳೆಯದನ್ನು ವಾಪಸು ಕೊಡುವುದು ಒಂದು ದಾರಿ, ನಿಧಾನ. ಹೊಸ ಬ್ಯಾಂಕು ಹಳೆ ಬ್ಯಾಂಕಿಗೆ ಪ್ರತಿ-ಗ್ಯಾರಂಟಿ ಕೊಡುವುದು ಇನ್ನೊಂದು. ನನ್ನನ್ನು ಕೇಳಿದರೆ, ಗ್ಯಾರಂಟಿಯ ಕ್ಲೇಮ್ ಅವಧಿ (ಅದರ ಮೇಲೆ ದುಡ್ಡು ಕೇಳಬಹುದಾದ ಸಮಯ) ಆರೇಳು ತಿಂಗಳಲ್ಲಿ ಮುಗಿಯುವುದಾದರೆ ಪೂರ್ತಿ 9 ಲಕ್ಷವನ್ನು ಹಳೆ ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟುಬಿಡಿ. ಹೊಸ ಲಿಮಿಟ್ಟಿನಿಂದ ತೆಗೆದರೆ ಎರಡು ಬಡ್ಡಿಯ ನಡುವಿನ ವ್ಯತ್ಯಾಸ ಮಾತ್ರ ನಿಮ್ಮ ಖರ್ಚು, ಆದರೆ ನಿಮ್ಮ ಪ್ಲಾಟಿನ ಕಾಗದ ಅವತ್ತೇ ಬಿಡುಗಡೆ.

ಪಗಾರ, ಜಿಎಸ್‌ಟಿ ನಿಲ್ಲಬಾರದು ಅಂದಿರಿ, ಹಾಗಾದರೆ ಸಾಲ ವರ್ಗ ಮಾಡುವ ದಿನ ಯಾವುದು? 7ಕ್ಕೆ ಪಗಾರ ಮತ್ತು ಟಿಡಿಎಸ್, 15ಕ್ಕೆ ಪಿಎಫ್, ಇಎಸ್ಐ, 20ಕ್ಕೆ ಜಿಎಸ್‌ಟಿ. ಹಾಗಾಗಿ 21ರಿಂದ 26ರ ನಡುವೆ ಒಂದು ಮಂಗಳವಾರವೋ ಬುಧವಾರವೋ ನೋಡಿ. ಏನಾದರೂ ಎಡವಟ್ಟಾದರೆ ವಾರದಲ್ಲಿ ಇನ್ನೂ ಎರಡು ದಿನ ಬ್ಯಾಂಕು ತೆರೆದಿರುತ್ತದೆ. ಮಾರ್ಚ್ ತಿಂಗಳು ಬೇಡವೇ ಬೇಡ, ಆಗ ಬ್ಯಾಂಕಿನವರಿಗೆ ಊಟಕ್ಕೂ ಸಮಯ ಇರುವುದಿಲ್ಲ. ಆಯುಧ ಪೂಜೆ, ದೀಪಾವಳಿ ವಾರವೂ ಬೇಡ, ಬೋನಸ್ ಕೊಡುವ ಸಮಯ.

ಸಾಲ ವರ್ಗ ಆಗುವ ಎರಡು ವಾರ ಮುಂಚೆಯೇ ಹೊಸ ನೆಟ್‌ಬ್ಯಾಂಕಿಂಗ್‌ನಲ್ಲಿ ಕೆಲಸಗಾರರ, ಪೂರೈಕೆದಾರರ ಖಾತೆ ಸಂಖ್ಯೆಗಳನ್ನು ಹಾಕಿಟ್ಟು, ಪ್ರತಿಯೊಬ್ಬರಿಗೂ ಒಂದು ರೂಪಾಯಿ ಕಳಿಸಿ ನೋಡಿ. ದಿನದ ಮಿತಿ ಎಷ್ಟು ಅಂತ ಬರವಣಿಗೆಯಲ್ಲಿ ಕೇಳಿ. ನಾನು ಈ ಕೆಲಸ ಶುರು ಮಾಡಿದ ಹೊಸದರಲ್ಲಿ ಒಂದು ಕಂಪನಿಯದನ್ನು ಹೀಗೇ ವರ್ಗ ಮಾಡಿಸಿದೆ, ಎಲ್ಲ ಸರಿ ಹೋಯಿತು ಅಂತ ಬೀಗಿದೆ. ಪಗಾರದ ದಿನ ಸಂಜೆ ಐದಕ್ಕೆ ಫೋನು ಬಂತು. ಹೊಸ ಖಾತೆಯ ದಿನದ ಮಿತಿ 5 ಲಕ್ಷ, ಪಗಾರ 8 ಲಕ್ಷ. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಜನಕ್ಕೆ ಪಗಾರ ಹೋಗಿದೆ, ಉಳಿದವರಿಗೆ ಇಲ್ಲ. ಮರುದಿನ ಮುಂಜಾನೆ ಆ ಗೇಟಿನ ಮುಂದೆ ನಿಂತಿದ್ದ ಮುಖಗಳು ನನಗೆ ಈಗಲೂ ನೆನಪಿವೆ. ಕೆಲಸಗಾರರ ಖಾತೆ ಹಳೆ ಬ್ಯಾಂಕಿನಲ್ಲೇ ಇರಲಿ ಬಿಡಿ, ಎನ್ಇಎಫ್‌ಟಿ ಎಲ್ಲಿಗೆ ಬೇಕಾದರೂ ಹೋಗುತ್ತದೆ. ಹೊಸ ಬ್ಯಾಂಕಿನವರು 34 ಖಾತೆಯ ಆಸೆಗೆ ಒತ್ತಾಯ ಮಾಡಿದರೂ ಸೊಪ್ಪು ಹಾಕಬೇಡಿ.

ಜಿಎಸ್‌ಟಿ ಪೋರ್ಟಲ್‌ನಲ್ಲಿ ಹೊಸ ಖಾತೆ ಸೇರಿಸುವುದು ಸುಲಭ, ಅಧಿಕಾರಿಯ ಒಪ್ಪಿಗೆಗೆ ಕಾಯಬೇಕಿಲ್ಲ. ಹಳೆಯದನ್ನು ಈಗಲೇ ತೆಗೆಯಬೇಡಿ. ಆದಾಯ ತೆರಿಗೆ ಪೋರ್ಟಲ್‌ನಲ್ಲೂ ಹೊಸ ಖಾತೆ ದೃಢೀಕರಿಸಿ, ಇಲ್ಲದಿದ್ದರೆ ರೀಫಂಡ್ ಹಳೆ ಖಾತೆಗೇ ಹೋಗುತ್ತದೆ. ರಫ್ತು ಏನಾದರೂ ಇದ್ದರೆ ಎಡಿ ಕೋಡ್ (ಕಸ್ಟಮ್ಸ್‌ನಲ್ಲಿ ದಾಖಲಾಗುವ ಬ್ಯಾಂಕಿನ ಸಂಖ್ಯೆ) ನೋಂದಣಿ ಮತ್ತೆ ಆಗಬೇಕು, ಬಾಕಿ ಇರುವ ಶಿಪ್ಪಿಂಗ್ ಬಿಲ್ಲುಗಳ ಲೆಕ್ಕ ಹಳೆ ಬ್ಯಾಂಕಿನಲ್ಲಿ ಮುಗಿಸಿಕೊಂಡು ಹೋಗಬೇಕು.

ಗಿರಾಕಿಗಳಿಗೆ ತಿಳಿಸುವಾಗ ಬರೀ ಇಮೇಲ್ ಹಾಕಿದರೆ ಈಗ ಯಾರೂ ನಂಬುವುದಿಲ್ಲ, ನಂಬಲೂಬಾರದು. "ನಮ್ಮ ಖಾತೆ ಬದಲಾಗಿದೆ, ಇಲ್ಲಿಗೆ ಕಳಿಸಿ" ಅನ್ನುವುದು ಮೋಸಗಾರರ ಮಾಮೂಲಿ ಪತ್ರ. ಲೆಟರ್‌ಹೆಡ್ ಮೇಲೆ ಸಹಿ ಹಾಕಿದ ಪತ್ರ, ಕ್ಯಾನ್ಸಲ್ ಮಾಡಿದ ಚೆಕ್, ಜೊತೆಗೆ ನೀವೇ ಒಂದು ಫೋನು. ರೈಲ್ವೆ, ಸರ್ಕಾರಿ ಕಂಪನಿಗಳಲ್ಲಿ ಪೂರೈಕೆದಾರರ ದಾಖಲೆ ಬದಲಾಗಲು ವಾರಗಟ್ಟಲೆ ಹಿಡಿಯುತ್ತದೆ, ಮಧ್ಯದಲ್ಲಿ ಪಾಸಾದ ಬಿಲ್ಲು ಹಳೆ ಖಾತೆಗೇ ಬರುತ್ತದೆ.

ಅದಕ್ಕೇ ಹಳೆ ಬ್ಯಾಂಕಿನಲ್ಲಿ ಸಿಸಿ ಮುಚ್ಚಿದರೂ ಒಂದು ಸಾದಾ ಕರೆಂಟ್ ಅಕೌಂಟ್ ಆರು ತಿಂಗಳಾದರೂ ಇಟ್ಟುಕೊಳ್ಳಿ, ಹಳೆ ಸಿಸಿ ಸಂಖ್ಯೆಗೆ ಬರುವ ದುಡ್ಡು ಅದಕ್ಕೆ ಜಮಾ ಆಗುವ ವ್ಯವಸ್ಥೆ ಸಾಧ್ಯವೇ ಅಂತ ಮೊದಲೇ ಕೇಳಿ. ಸಾಧ್ಯ ಇಲ್ಲ ಅಂದರೆ ಎನ್ಇಎಫ್‌ಟಿ ಕಳಿಸಿದವರಿಗೇ ವಾಪಸು ಹೋಗುತ್ತದೆ, ಸರ್ಕಾರಿ ಕಚೇರಿಯಿಂದ ಅದನ್ನು ಎರಡನೇ ಸಲ ಹೊರಡಿಸುವುದು ಏನು ಕಷ್ಟ ಅಂತ ನಿಮಗೆ ಗೊತ್ತೇ ಇದೆ. ಯಾರಿಗಾದರೂ ಮುಂದಿನ ತಾರೀಖಿನ ಚೆಕ್ಕು ಕೊಟ್ಟಿದ್ದರೆ ಒಂದೊಂದನ್ನೂ ವಾಪಸು ಪಡೆದು ಹೊಸದು ಕೊಡಿ. "ಖಾತೆ ಮುಚ್ಚಿದೆ" ಅಂತ ಚೆಕ್ಕು ವಾಪಸಾದರೂ ಚೆಕ್ ಬೌನ್ಸಿನ 138ನೇ ಕಲಮಿನ ಕೇಸು ಬೀಳುತ್ತದೆ, ದುಡ್ಡು ಇನ್ನೊಂದು ಬ್ಯಾಂಕಿನಲ್ಲಿತ್ತು ಅನ್ನುವುದು ಉತ್ತರ ಅಲ್ಲ. ಮುಚ್ಚುವ ಮುಂಚೆ ಎಲ್ಲ ವರ್ಷಗಳ ಸ್ಟೇಟ್‌ಮೆಂಟ್ ಇಳಿಸಿಕೊಳ್ಳಿ. ಕಂಪನಿ ಲೆಕ್ಕಪತ್ರವನ್ನು 8 ವರ್ಷ ಇಡಬೇಕು, ನೆಟ್‌ಬ್ಯಾಂಕಿಂಗ್ ಹೋದ ಮೇಲೆ ಪ್ರತಿ ಹಾಳೆಗೆ ದುಡ್ಡು ಕೇಳುತ್ತಾರೆ.

ಕೊನೆಗೆ, ಹಳೆ ಬ್ಯಾಂಕಿನವರಿಗೆ ಹೇಳುವುದು ಹೇಗೆ. ನಿಮ್ಮ ಪ್ರಶ್ನೆಯಲ್ಲಿ ಈ ಮಾತಿಗೇ ಜಾಸ್ತಿ ಭಾರ ಇತ್ತು ಅಂತ ನನಗೆ ಅನ್ನಿಸಿತು. ತಂದೆಯವರ ಕಾಲದ ಸಂಬಂಧ, ಸಂಕೋಚ ಸಹಜ. ಆದರೆ ಈಗಿನ ಮ್ಯಾನೇಜರ್ ಸಾಹೇಬರು ಬಂದು ಎಷ್ಟು ವರ್ಷ ಆಯಿತು? ಇನ್ನು ಎಷ್ಟು ದಿನ ಇರುತ್ತಾರೆ? ನಿಮ್ಮ ತಂದೆಯವರ ಸಂಬಂಧ ಇದ್ದದ್ದು ಆ ಮನುಷ್ಯರ ಜೊತೆ, ಅವರು ಎಂದೋ ನಿವೃತ್ತರಾದರು. ಹೊಸ ಬ್ಯಾಂಕಿನ ಸ್ಯಾಂಕ್ಷನ್ ಪತ್ರ ಕೈಗೆ ಬರುವವರೆಗೆ ಯಾರಿಗೂ ಏನೂ ಹೇಳಬೇಡಿ, ಬಾಯಿ ಮಾತಿನ ಭರವಸೆ ನಂಬಿ ಈ ಕಡೆ ಕೆಡಿಸಿಕೊಂಡವರು ಬಹಳ. ಬಂದ ಮೇಲೆ ಇಮೇಲ್ ಬೇಡ, ಖುದ್ದು ಹೋಗಿ. ಪತ್ರ ತೋರಿಸಿ. ಇದೇ ಲಿಮಿಟ್, ಇದೇ ದರ ಕೊಡುತ್ತೀರಾ, 15 ದಿನ ಕಾಯುತ್ತೇನೆ ಅಂತ ಕೇಳಿ. ಕೊಟ್ಟರೆ ನಿಮಗೆ ಲಕ್ಷ ರೂಪಾಯಿಯ ಖರ್ಚು, ಕೆಐಎಡಿಬಿ ಓಡಾಟ ಎರಡೂ ತಪ್ಪಿತು, ಅಲ್ಲೇ ಇರಿ. ಕೊಡದಿದ್ದರೆ ಮುಚ್ಚುವ ನೋಟಿಸ್ ಕೊಡಿ. ಚಹಾ ತರಿಸುತ್ತಾರೆ, ಕುಡಿಯಿರಿ. ನೋಟಿಸಿನ ನಿಮ್ಮ ಪ್ರತಿಯ ಮೇಲೆ ತಾರೀಖು ಹಾಕಿದ ಸ್ವೀಕೃತಿ ಸೀಲು ಬೀಳುವವರೆಗೆ ಮಾತ್ರ ಕುರ್ಚಿ ಬಿಟ್ಟು ಏಳಬೇಡಿ.